ಮಾಜಿ ಸೈನಿಕರ ಮನೋರೋಗದ ಪಿಂಚಣಿ: ಬೋರ್ಡ್ ಕೇಳುವುದು ತಾರೀಖು ಮತ್ತು ಜಾಗ

ಮಾನಸಿಕ ಕಾಯಿಲೆಗಾಗಿ ಡಿಸಬಿಲಿಟಿ ಪಿಂಚಣಿ ಕೇಳುವ ಕಡತಗಳು ಬಹುಪಾಲು ಒಂದೇ ರೀತಿ ಇರುತ್ತವೆ. ಮೇಲೆ ಕಳೆದ ತಿಂಗಳು ಬರೆಸಿಕೊಂಡ ಮನೋವೈದ್ಯರ ಒಂದು ಪುಟದ ಪತ್ರ, ತಳದಲ್ಲಿ ಡಿಸ್ಚಾರ್ಜ್ ಬುಕ್ಕಿನ ಝೆರಾಕ್ಸ್, ನಡುವಿನ ಹತ್ತು ಹದಿನೈದು ವರ್ಷಕ್ಕೆ ಏನೂ ಇಲ್ಲ. ಆ ಪತ್ರ ಹೇಳುವುದು ಇವರಿಗೆ ಇವತ್ತು ಕಾಯಿಲೆ ಇದೆ ಎಂದು. ಅದನ್ನು ಸೇನೆಯ ವೈದ್ಯರಿರುವ ಮೆಡಿಕಲ್ ಬೋರ್ಡ್ ಅಲ್ಲಗಳೆಯುವುದು ಅಪರೂಪ. ಬೋರ್ಡಿನ ಪ್ರಶ್ನೆ ಬೇರೆ: ಮೊದಲ ಲಕ್ಷಣ ಯಾವ ತಿಂಗಳು ಕಂಡಿತು, ಆಗ ಈ ಜವಾನ ಎಲ್ಲಿ ಡ್ಯೂಟಿಯಲ್ಲಿದ್ದ, ಅದನ್ನು ಆಗಲೇ ಯಾರಾದರೂ ಕಾಗದದ ಮೇಲೆ ಬರೆದಿಟ್ಟರೇ? ಈ ಮೂರಕ್ಕೆ ಉತ್ತರ ಇಲ್ಲದ ಕಡತ ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ.

ಕೊಡಗಿನಲ್ಲಿ ಮನೆಗೊಬ್ಬ ಫೌಜಿ ಎನ್ನುವಷ್ಟು ಮಾಜಿ ಸೈನಿಕರಿದ್ದಾರೆ. ಗುಂಡೇಟು ಬಿದ್ದವರ, ಕಾಲು ಕಳೆದುಕೊಂಡವರ ಪಿಂಚಣಿ ಹೇಗೆ ನಡೆಯುತ್ತದೆ ಎಂಬುದು ಊರಿಗೆಲ್ಲ ಗೊತ್ತು. ರಾತ್ರಿ ನಿದ್ದೆ ಬಾರದ, ಮಾತು ಬಿಟ್ಟ, ತೋಟದ ಲೈನ್ ಮನೆಯಲ್ಲಿ ಒಬ್ಬನೇ ಕೂರುವ ಮನುಷ್ಯನ ಕಡತ ಹೇಗೆ ಕಟ್ಟಬೇಕು ಎಂಬುದು ಗೊತ್ತಿಲ್ಲ. ಈ ಬರಹ ಅದರ ಬಗ್ಗೆ, ಮುಖ್ಯವಾಗಿ ಅವರ ಹೆಂಡತಿ ಮಕ್ಕಳಿಗಾಗಿ. ಕಾಗದ ಒಟ್ಟುಮಾಡುವ ಕೆಲಸ ಕೊನೆಗೆ ಬೀಳುವುದು ಅವರ ಮೇಲೆಯೇ.

ಮೊದಲು ಹಣದ ಲೆಕ್ಕ ಚುಟುಕಾಗಿ. ಕಾಯಿಲೆ ಸೇವೆಯಿಂದ ಉಂಟಾದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಎಂದು ಒಪ್ಪಿಗೆಯಾಗಬೇಕು, ಜೊತೆಗೆ ಅಂಗವೈಕಲ್ಯ 20% ಅಥವಾ ಹೆಚ್ಚು ಇರಬೇಕು. 100% ವೈಕಲ್ಯಕ್ಕೆ ಕೊನೆಯ ವೇತನದ 30%, ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಕಡಿಮೆ. ಕೊನೆಯ ವೇತನ 40,000 ರೂಪಾಯಿ ಇದ್ದು ಬೋರ್ಡ್ 20% ಕೊಟ್ಟರೆ ತಿಂಗಳಿಗೆ 2,400. ಆದರೆ ಪೂರ್ಣಾಂಕ ಮಾಡುವ ನಿಯಮವೊಂದಿದೆ: 50ಕ್ಕಿಂತ ಕಡಿಮೆ ಇದ್ದದ್ದು 50 ಆಗುತ್ತದೆ, 50ರಿಂದ 75 ಇದ್ದದ್ದು 75, ಅದರ ಮೇಲಿನದು 100. ಆಗ ಅದೇ 20%ಕ್ಕೆ 6,000 ರೂಪಾಯಿ, ಮೇಲೆ ತುಟ್ಟಿಭತ್ಯೆ. ಈ ಸೌಲಭ್ಯ ಮೊದಲು ಕಾಯಿಲೆಯಿಂದ ಹೊರಹಾಕಲ್ಪಟ್ಟವರಿಗೆ ಮಾತ್ರ ಇತ್ತು. ಅವಧಿ ಮುಗಿಸಿ ಬಂದವರಿಗೂ ಸಿಗಬೇಕೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. 2023ರ ಸೆಪ್ಟೆಂಬರ್ 21ರ ನಂತರ ಸೇವೆ ಬಿಟ್ಟವರಿಗೆ ಹೊಸ ನಿಯಮಾವಳಿ ಇರುವುದರಿಂದ ಅವರು ಈ ಲೆಕ್ಕವನ್ನು ಹಿಡಿದು ಕೂರಬಾರದು. ಅದಕ್ಕೆ ಮುಂಚೆ ಬಂದವರಿಗೆ, ಬಿಟ್ಟ ವರ್ಷ ನೋಡಿಕೊಂಡು, 1982ರದ್ದೋ 2008ರದ್ದೋ ಪಿಂಚಣಿ ಅರ್ಹತೆಯ ನಿಯಮಾವಳಿ ಅನ್ವಯಿಸುತ್ತದೆ. ಅರ್ಜಿಯಲ್ಲಿ ಯಾವ ವರ್ಷದ ನಿಯಮ ಎಂದು ಬರೆಯದಿದ್ದರೆ ಗುಮಾಸ್ತ ತನಗೆ ತೋಚಿದ್ದನ್ನು ಹಾಕಿ ತಿರಸ್ಕರಿಸುತ್ತಾನೆ.

ಬೋರ್ಡ್ ನೋಡುವ ಪಟ್ಟಿ

ಮಿಲಿಟರಿ ವೈದ್ಯರು ಇಂಥ ಪ್ರಕರಣಗಳನ್ನು ಸುಮ್ಮನೆ ಅಂದಾಜಿನ ಮೇಲೆ ತೀರ್ಮಾನಿಸುವುದಿಲ್ಲ. ಪಿಂಚಣಿ ವಿಷಯದಲ್ಲಿ, 2023ರ ಹೊಸ ನಿಯಮಾವಳಿಗೆ ಮುಂಚೆ ಸೇವೆ ಬಿಟ್ಟವರ ಮಟ್ಟಿಗೆ, ಅವರಿಗೊಂದು ಕೈಪಿಡಿ ಇದೆ: ಗೈಡ್ ಟು ಮೆಡಿಕಲ್ ಆಫೀಸರ್ಸ್, 2002ರದ್ದು, 2008ರಲ್ಲಿ ತಿದ್ದಿದ್ದು. ಅದರ 54ನೇ ಪ್ಯಾರಾ ಮನೋರೋಗಗಳದ್ದು. ಇಡೀ ಕಡತ ನಿಲ್ಲುವುದು ಬೀಳುವುದು ಈ ಪ್ಯಾರಾದ ಮೇಲೆ, ಆದರೂ ಹೆಚ್ಚಿನ ಅರ್ಜಿಗಳಲ್ಲಿ ಅದರ ಹೆಸರೇ ಇರುವುದಿಲ್ಲ.

ಕಾಯಿಲೆ ಸೇವೆಯಿಂದಲೇ ಉಂಟಾಯಿತು ಎಂದು ಒಪ್ಪುವ ಸಂದರ್ಭಗಳನ್ನು ಅಲ್ಲಿ ಹೆಸರಿಸಿಯೇ ಕೊಟ್ಟಿದೆ. ಯುದ್ಧಭೂಮಿ ಅಥವಾ ಭಯೋತ್ಪಾದನೆ ನಿಗ್ರಹದ ಪ್ರದೇಶ, ಅತಿ ಎತ್ತರದ ಪ್ರದೇಶ, ತೀರಾ ಒಂಟಿಯಾದ ಪೋಸ್ಟ್, ಸಮುದ್ರದ ಮೇಲಿನ ಸೇವೆ, ಡೈವಿಂಗ್ ಮತ್ತು ಜಲಾಂತರ್ಗಾಮಿ ಅಪಘಾತ, ಜೀವಹಾನಿಯಾದ ವಾಹನ ಅಥವಾ ವಿಮಾನ ಅಪಘಾತ, ಹೆಣಗಳ ನಡುವೆ ಕೆಲಸ ಮಾಡಬೇಕಾಗಿ ಬಂದ ಭೂಕಂಪ, ಸುನಾಮಿಯಂಥ ದುರಂತದ ಪರಿಹಾರ ಕಾರ್ಯ. ಇಂಥ ಕಡೆ ಇದ್ದಾಗ ಕಾಯಿಲೆ ಹುಟ್ಟಿದ್ದರೆ ಸಾಕು. ಸೇವೆಯಿಂದಾದ ಗಂಭೀರ ಗಾಯ, ಅಂದರೆ ಕೈಕಾಲು ಕತ್ತರಿಸಿದ್ದು, ಬೆನ್ನುಹುರಿ ಪೆಟ್ಟು, ತಲೆಗೆ ಬಲವಾದ ಪೆಟ್ಟು, ಇವುಗಳ ನಂತರ ಒಂದು ವರ್ಷದೊಳಗೆ ಮನೋರೋಗ ಶುರುವಾದರೂ ಸೇರುತ್ತದೆ. ಪಿಟಿಎಸ್‌ಡಿ ಎಂದು ಕರೆಯುವ ಆಘಾತೋತ್ತರ ಒತ್ತಡದ ಕಾಯಿಲೆಯೂ ಈ ಪಟ್ಟಿಯ ವ್ಯಾಪ್ತಿಯಲ್ಲೇ ಇದೆ. ಈಗ ಕೊಡಗಿನ ಮಾಜಿ ಸೈನಿಕರ ಪೋಸ್ಟಿಂಗ್ ನೆನೆದು ನೋಡಿ: 1987ರಿಂದ 1990ರವರೆಗೆ ಶ್ರೀಲಂಕಾ, 1984ರಿಂದ ಸಿಯಾಚಿನ್, 1999ರಲ್ಲಿ ಕಾರ್ಗಿಲ್, ಕಾಶ್ಮೀರ ಕಣಿವೆ, ನಾಗಾಲ್ಯಾಂಡ್, ಮಣಿಪುರ. 2018ರ ಆಗಸ್ಟ್‌ನಲ್ಲಿ ಇದೇ ಜಿಲ್ಲೆಯ ಭೂಕುಸಿತಕ್ಕೆ ಬಂದ ಸೇನಾ ತುಕಡಿಗಳಲ್ಲಿ ಹೆಣ ಹೊರತೆಗೆದ ಜವಾನರಿಗೂ ಆ ಕೊನೆಯ ಸಾಲು ಅನ್ವಯಿಸುತ್ತದೆ.

ಉಲ್ಬಣಿಸಿದ್ದು ಎಂದು ಒಪ್ಪುವ ಭಾಗ ಇನ್ನೂ ಕಡಿಮೆ ಜನರಿಗೆ ಗೊತ್ತು. ಸೇವೆಯ ಅಗತ್ಯದಿಂದ ರಜೆ ನಿರಾಕರಿಸಿದ ಮೂರು ತಿಂಗಳೊಳಗೆ ಕಾಯಿಲೆ ಶುರುವಾಗಿದ್ದರೆ, ಮತ್ತು ಆ ರಜೆ ಕೇಳಿದ್ದು ಕೆಲವು ನಿರ್ದಿಷ್ಟ ಕಾರಣಕ್ಕಾದರೆ, ಅದನ್ನು ಉಲ್ಬಣ ಎಂದು ಒಪ್ಪಬೇಕು. ಹೆಂಡತಿ ಅಥವಾ ಮಗುವಿನ ಸಾವು. ಒಬ್ಬನೇ ಮಗನಾಗಿದ್ದು ತಂದೆ ಅಥವಾ ತಾಯಿಯ ಸಾವು. ಮನೆಯವರ ಮೇಲೆ ಕೊಲೆ, ಅತ್ಯಾಚಾರ, ದರೋಡೆಯಂಥ ಅಪರಾಧ. ಸೈನಿಕನ ಮನೆ ಎಂಬ ಕಾರಣಕ್ಕೆ ಉಗ್ರರ ಬೆದರಿಕೆ. ಮನೆಯವರ ಪ್ರಾಣಕ್ಕೆ ಅಪಾಯ ತಂದ ಪ್ರಕೃತಿ ವಿಕೋಪ. ಮಕ್ಕಳ ಮದುವೆ, ಅಥವಾ ಒಬ್ಬನೇ ಅಣ್ಣನಾಗಿದ್ದಾಗ ತಂಗಿಯ ಮದುವೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ವಾರ ಗಡಿಯಲ್ಲಿದ್ದು ರಜೆ ಸಿಗದವನ ಪ್ರಕರಣವನ್ನು ಈ ಸಾಲಿನ ಮೇಲೇ ಕಟ್ಟಬೇಕು.

ತೊಂದರೆ ಇರುವುದು ಸಾಬೀತು ಮಾಡುವುದರಲ್ಲಿ. ರಜೆ ಇಲ್ಲ ಎಂದದ್ದು ಸಾಮಾನ್ಯವಾಗಿ ಬಾಯಿಮಾತಿನಲ್ಲಿ. ಹಾಗಾಗಿ ಸುತ್ತುಬಳಸಿ ತೋರಿಸಬೇಕು: ಸಾವಿನ ಪ್ರಮಾಣಪತ್ರದ ತಾರೀಖು, ಲಗ್ನಪತ್ರಿಕೆ, ತಹಶೀಲ್ದಾರರ ಹಾನಿ ವರದಿ ಅಥವಾ ಪರಿಹಾರ ಆದೇಶ, ಎಫ್‌ಐಆರ್. ಇವುಗಳ ಎದುರಿಗೆ, ಆ ಅವಧಿಯಲ್ಲಿ ರಜೆಯ ನಮೂದು ಇಲ್ಲದ ಪಾರ್ಟ್ ಟೂ ಆರ್ಡರ್ (ರಜೆ, ಪೋಸ್ಟಿಂಗ್ ಇತ್ಯಾದಿಯನ್ನು ಯೂನಿಟ್ ದಾಖಲಿಸುವ ಆದೇಶ). ಅದರ ಪಕ್ಕದಲ್ಲಿ ಆಸ್ಪತ್ರೆಗೆ ಮೊದಲ ಬಾರಿ ಸೇರಿಸಿದ ತಾರೀಖು. ಈ ಮೂರು ಕಾಗದಗಳು ಮೂರು ತಿಂಗಳ ಒಳಗೆ ಕೂತರೆ ಬೋರ್ಡಿಗೆ ತಪ್ಪಿಸಿಕೊಳ್ಳುವುದು ಕಷ್ಟ.

ಇನ್ನೊಂದು ಸಂದರ್ಭವೂ ಇದೆ. ಮನೋರೋಗಿ ಎಂದು ಗುರುತಿಸಿ ವೈದ್ಯಕೀಯ ಕೆಟಗರಿ ಇಳಿಸಿ, ಇಂಥ ಕಡೆ ಹಾಕಬಾರದು ಎಂದು ವೈದ್ಯರು ಬರೆದ ಮೇಲೂ ಯೂನಿಟ್ ಅವನನ್ನು ಅಂಥದೇ ಜಾಗಕ್ಕೆ ಕಳಿಸಿದ್ದರೆ ಅದೂ ಉಲ್ಬಣವೇ. ಎಎಫ್‌ಎಂಎಸ್‌ಎಫ್-15 ಎಂಬ ವೈದ್ಯಕೀಯ ಕೆಟಗರಿಯ ಫಾರ್ಮಿನಲ್ಲಿರುವ ಉದ್ಯೋಗ ನಿರ್ಬಂಧವನ್ನು, ಅದರ ನಂತರದ ಪೋಸ್ಟಿಂಗನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಎದ್ದು ಕಾಣುತ್ತದೆ. ಯಾರೂ ನೋಡುವುದಿಲ್ಲ, ಅಷ್ಟೇ.

ಸೇನೆಯ ಕಾಗದ ತರಿಸುವುದು

ಅರ್ಜಿಗಿಂತ ಮೊದಲು ದಾಖಲೆ. ಜವಾನರ ಮತ್ತು ಜೆಸಿಒಗಳ (ಸುಬೇದಾರ್ ದರ್ಜೆಯವರ) ದಾಖಲೆ ಅವರವರ ರೆಕಾರ್ಡ್ ಆಫೀಸಿನಲ್ಲಿ ಇರುತ್ತದೆ: ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್, ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರು, ಆರ್ಟಿಲರಿ ನಾಸಿಕ್ ರೋಡ್ ಕ್ಯಾಂಪ್, ಇಎಂಇ ಸಿಕಂದರಾಬಾದ್, ಸಿಗ್ನಲ್ಸ್ ಜಬಲ್ಪುರ, ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅಲ್ಲಿನ ಮಾಹಿತಿ ಅಧಿಕಾರಿಗೆ ಬರೆಯಬೇಕು. ಉತ್ತರಕ್ಕೆ 30 ದಿನ. ಬಾರದಿದ್ದರೆ ಅಥವಾ ಅರೆಬರೆ ಬಂದರೆ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ.

ನನ್ನ ಎಲ್ಲ ವೈದ್ಯಕೀಯ ದಾಖಲೆ ಕೊಡಿ ಎಂದು ಬರೆದರೆ ಬರುವುದು ರಿಲೀಸ್ ಮೆಡಿಕಲ್ ಬೋರ್ಡಿನ ನಾಲ್ಕು ಹಾಳೆ ಮಾತ್ರ. ಹೆಸರು ಹಿಡಿದು ಕೇಳಬೇಕು. ಭರ್ತಿ ಸಮಯದ ವೈದ್ಯಕೀಯ ಪರೀಕ್ಷೆಯ ಫಾರ್ಮು. ಕೆಟಗರಿ ಬದಲಾದ ಪ್ರತಿ ಸಲದ ಎಎಫ್‌ಎಂಎಸ್‌ಎಫ್-15. ಬಿಡುಗಡೆ ಅಥವಾ ಕಾಯಿಲೆಯಿಂದ ಹೊರಹಾಕುವ ಇನ್‌ವ್ಯಾಲಿಡಿಂಗ್ ಬೋರ್ಡಿನ ಎಎಫ್‌ಎಂಎಸ್‌ಎಫ್-16, ಎಲ್ಲ ಭಾಗಗಳು, ಮನೋವೈದ್ಯ ತಜ್ಞರ ಅಭಿಪ್ರಾಯ ಸಮೇತ. ಆಸ್ಪತ್ರೆವಾರು ಕೇಸ್ ಶೀಟ್, ಸೇರಿದ ಮತ್ತು ಬಿಟ್ಟ ತಾರೀಖಿನೊಂದಿಗೆ. ಕಮಾಂಡಿಂಗ್ ಅಧಿಕಾರಿ ಮನೋವೈದ್ಯರಿಗೆ ಕಳಿಸಿದ ಎಎಫ್‌ಎಂಎಸ್‌ಎಫ್-10. ಗಾಯವಾಗಿದ್ದರೆ ಗಾಯದ ವರದಿಯಾದ ಐಎಎಫ್‌ವೈ-2006. ಸೇವೆಯ ವಿವರವಿರುವ ಶೀಟ್ ರೋಲ್, ಪೋಸ್ಟಿಂಗ್ ವಿವರ, ಪಾರ್ಟ್ ಟೂ ಆರ್ಡರ್‌ಗಳು. ಕೊನೆಗೆ, ಹಿಂದೆ ತಿರಸ್ಕಾರ ಆಗಿದ್ದರೆ ಆ ಪತ್ರ. ಯಾಕೆ ಕೊಟ್ಟಿಲ್ಲ, ಯಾರು ಹೊಣೆ ಎಂಬ ಪ್ರಶ್ನೆಗಳನ್ನು ಇದೇ ಅರ್ಜಿಯಲ್ಲಿ ತುರುಕಬೇಡಿ. ಈ ಕಾಯ್ದೆಯಲ್ಲಿ ಸಿಗುವುದು ದಾಖಲೆ, ವಿವರಣೆಯಲ್ಲ. ಹೆಂಡತಿ ಸಹಿ ಹಾಕಿ ಕಳಿಸಿದರೆ ಮೂರನೆಯವರ ಖಾಸಗಿ ಮಾಹಿತಿ ಎಂದು ವಾಪಸ್ ಬರುತ್ತದೆ. ಸೈನಿಕನ ಸಹಿಯೇ ಇರಲಿ. ಸಹಿ ಹಾಕುವ ಸ್ಥಿತಿಯಲ್ಲಿ ಇಲ್ಲದಿದ್ದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಕಲಮಿನ ನಾಮನಿರ್ದೇಶಿತ ಪ್ರತಿನಿಧಿಯಾಗಿ ಕಾಗದ ಮಾಡಿಸಿಕೊಂಡು ಕೇಳಬಹುದು.

ಇಲ್ಲಿ ವಿಳಂಬಕ್ಕೊಂದು ಬೆಲೆಯಿದೆ. ಸಾಮಾನ್ಯವಾಗಿ ಸಾಬೀತು ಮಾಡುವ ಹೊಣೆ ಸೈನಿಕನ ಮೇಲಿಲ್ಲ. ಆದರೆ ಸೇವೆ ಬಿಟ್ಟು 15 ವರ್ಷ ಕಳೆದ ಮೇಲೆ, ದಾಖಲೆಗಳು ಅವಧಿ ಮುಗಿದು ನಾಶವಾದ ಮೇಲೆ ಕೇಳಿದರೆ, ಹೊಣೆ ಅರ್ಜಿದಾರನ ಹೆಗಲಿಗೆ ಬೀಳುತ್ತದೆ ಎಂದು 2008ರ ನಿಯಮ ಹೇಳುತ್ತದೆ. ಶ್ರೀಲಂಕಾಕ್ಕೆ ಹೋಗಿಬಂದವರಲ್ಲಿ ಬಹುಪಾಲು ಜನ ಈ ಗೆರೆ ದಾಟಿ ವರ್ಷಗಳಾದವು. ಅವರು ಪರ್ಯಾಯ ದಾಖಲೆ ಹುಡುಕಬೇಕು. ಪದಕಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ: ಡಿಸ್ಚಾರ್ಜ್ ಬುಕ್ಕಿನಲ್ಲಿ ಸಿಯಾಚಿನ್ ಗ್ಲೇಸಿಯರ್ ಮೆಡಲ್, ಹೈ ಆಲ್ಟಿಟ್ಯೂಡ್ ಮೆಡಲ್, ವಿದೇಶ ಸೇವಾ ಮೆಡಲ್, ಪರಾಕ್ರಮ ಪದಕ ಅಂತ ಇದ್ದರೆ ಅವನು ಅಲ್ಲಿದ್ದ ಎಂಬುದಕ್ಕೆ ಸೇನೆಯೇ ಕೊಟ್ಟ ಸಾಕ್ಷಿ ಅದು. ಹಳೆಯ ಕಾಗದ, ಇನ್‌ಲ್ಯಾಂಡ್ ಪತ್ರಗಳ ಮೇಲಿನ 56 ಎಪಿಒ ಅಥವಾ 99 ಎಪಿಒ (ಸೇನಾ ಅಂಚೆ ಕಚೇರಿ) ವಿಳಾಸ, ಅಂಚೆ ಮುದ್ರೆ ಕೂಡ ಎಸೆಯಬೇಡಿ. ಜೊತೆಯಲ್ಲಿದ್ದವರ ಅಫಿಡವಿಟ್ ಎರಡನೇ ದರ್ಜೆಯ ಸಾಕ್ಷಿ. ಆದರೂ ಯಾವ ತಿಂಗಳಲ್ಲಿ, ಯಾವ ಪೋಸ್ಟ್‌ನಲ್ಲಿ, ಏನನ್ನು ಕಣ್ಣಾರೆ ಕಂಡೆ ಎಂದು ಬರೆದರೆ ತೂಕ ಇರುತ್ತದೆ. ಒಳ್ಳೆಯ ಮನುಷ್ಯ, ಆಮೇಲೆ ಹೀಗಾದ ಎಂದಷ್ಟೇ ಬರೆದರೆ ಅದು ನಡತೆಯ ಪ್ರಮಾಣಪತ್ರ.

ಕಕ್ಕಡದ ಮಳೆಯ ಬಗ್ಗೆಯೂ ಒಂದು ಮಾತು. ಅಟ್ಟದ ಕಬ್ಬಿಣದ ಟ್ರಂಕಿನಲ್ಲಿಟ್ಟ ಸರ್ವಿಸ್ ಕಾಗದಕ್ಕೆ ಎರಡು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಕಾರ್ಬನ್ ಪ್ರತಿ ಇದ್ದರೆ ಅಕ್ಷರ ಮಾಯ. ಲ್ಯಾಮಿನೇಷನ್ ಮಾಡಿಸುವುದು ಅದಕ್ಕಿಂತ ಕೆಟ್ಟದ್ದು, ತೇವ ಒಳಗೇ ಉಳಿದು ಹಾಳೆ ಹಳದಿಯಾಗುತ್ತದೆ, ಹಿಂಬದಿಯ ಮೊಹರು ಓದಲಾಗುವುದಿಲ್ಲ. ಬೇಸಿಗೆಯಲ್ಲೇ ಎರಡೂ ಬದಿ ಸ್ಕ್ಯಾನ್ ಮಾಡಿಸಿ, ಮೂಲವನ್ನು ಗಾಳಿ ಬಿಗಿಯುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. 2018ರ ಮಣ್ಣಿನಡಿ ಕಾಗದ ಕಳೆದುಕೊಂಡವರು ಕಳೆದುಹೋದ ಬಗ್ಗೆ ಪೊಲೀಸ್ ದೂರಿನ ಪ್ರತಿ ಮತ್ತು ಅಫಿಡವಿಟ್ ಲಗತ್ತಿಸಿ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಮೂಲಕ ನಕಲು ಕೇಳಬೇಕು.

ಬಂದ ಕಾಗದ ಓದುವ ಕ್ರಮ

ಭರ್ತಿ ಫಾರ್ಮಿನಲ್ಲಿ ಮನೋರೋಗದ ಯಾವ ಟಿಪ್ಪಣಿಯೂ ಇಲ್ಲದಿದ್ದರೆ ಅದನ್ನು ಮೊದಲ ಲಗತ್ತಾಗಿ ಹಾಕಿ. 2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಸೇರುವಾಗ ಟಿಪ್ಪಣಿ ಇಲ್ಲ ಎಂದಾದರೆ ಅವನು ಆರೋಗ್ಯವಂತನಾಗಿದ್ದ ಎಂದು ಭಾವಿಸಬೇಕು, ಆಮೇಲಿನ ಕಾಯಿಲೆ ಸೇವೆಯಿಂದಲ್ಲ ಎನ್ನುವುದಾದರೆ ಬೋರ್ಡ್ ಕಾರಣ ಬರೆಯಬೇಕು.

ಎಎಫ್‌ಎಂಎಸ್‌ಎಫ್-16ರಲ್ಲಿ ಕಾಯಿಲೆ ಶುರುವಾದ ತಾರೀಖು ಮತ್ತು ಜಾಗದ ಕಾಲಂ ನೋಡಿ. ಇಲ್ಲೇ ಹೆಚ್ಚಿನ ಪ್ರಕರಣಗಳು ಕೆಡುತ್ತವೆ. ಕಾಶ್ಮೀರದಲ್ಲಿ ಶುರುವಾದ ಕಾಯಿಲೆ ಪತ್ತೆಯಾಗುವುದು ಆರೆಂಟು ತಿಂಗಳ ನಂತರ ಯಾವುದೋ ಶಾಂತಿ ಠಾಣೆಯ ಆಸ್ಪತ್ರೆಯಲ್ಲಿ. ಗುಮಾಸ್ತ ಪತ್ತೆಯಾದ ತಾರೀಖನ್ನೇ ಶುರುವಾದ ತಾರೀಖಾಗಿ ತುಂಬುತ್ತಾನೆ, ಬೋರ್ಡ್ ಪೀಸ್ ಸ್ಟೇಷನ್ನಿನಲ್ಲಿ ಶುರು ಎಂದು ಷರಾ ಬರೆದು ಮುಗಿಸುತ್ತದೆ. ಇದಕ್ಕೆ ಉತ್ತರ ಕೇಸ್ ಶೀಟಿನೊಳಗೇ ಇರುತ್ತದೆ. ಆಸ್ಪತ್ರೆಯಲ್ಲಿ ಮೊದಲ ದಿನ ವೈದ್ಯರು ಬರೆದ ಇತಿಹಾಸದಲ್ಲಿ ಆರು ತಿಂಗಳಿಂದ ನಿದ್ದೆಯಿಲ್ಲ, ಬೆಚ್ಚಿ ಏಳುತ್ತಾನೆ ಎಂಬ ಸಾಲು ಸಿಕ್ಕರೆ, ಆ ತಾರೀಖಿನಿಂದ ಆರು ತಿಂಗಳು ಹಿಂದಕ್ಕೆ ಎಣಿಸಿ ಶೀಟ್ ರೋಲಿನ ಪೋಸ್ಟಿಂಗಿಗೆ ಹೊಂದಿಸಿ. ಇದೊಂದು ಲೆಕ್ಕ ಎಷ್ಟೋ ಪುಟದ ವಾದಕ್ಕಿಂತ ಮೇಲು.

ಎಎಫ್‌ಎಂಎಸ್‌ಎಫ್-10ರಲ್ಲಿ ಯೂನಿಟ್ ಅವನ ನಡವಳಿಕೆ, ಕುಡಿತ, ಶಿಸ್ತು, ಮನೆಯ ಸಮಸ್ಯೆ ಬಗ್ಗೆ ಬರೆದಿರುತ್ತದೆ. ಇಂಥ ಡ್ಯೂಟಿಯಿಂದ ಬಂದ ಮೇಲೆ ಬದಲಾದ ಎಂಬ ಅರ್ಥದ ಒಂದು ವಾಕ್ಯ ಅಲ್ಲಿದ್ದರೆ ಅದಕ್ಕೆ ಮಾರ್ಕರ್ ಹಚ್ಚಿ. ಮನೆಯ ಜಗಳವೇ ಕಾರಣ ಎಂದಿದ್ದರೆ ಅದನ್ನು ಮುಚ್ಚಿಡುವುದರಿಂದ ಲಾಭವಿಲ್ಲ, ಬೋರ್ಡಿನ ಬಳಿಯೂ ಅದೇ ಪ್ರತಿ ಇದೆ. ಜಗಳ ಯಾವಾಗಿನಿಂದ ಎಂದು ತೋರಿಸಬೇಕು. ಕಾಯಿಲೆಯ ನಂತರ ಬಂದ ಜಗಳ ಕಾರಣವಾಗಲಾರದು.

ಕುಟುಂಬದ ಇತಿಹಾಸದ ಕಾಲಂ ಇನ್ನೊಂದು. ಚಿಕ್ಕಪ್ಪನಿಗೂ ಹೀಗೇ ಇತ್ತು ಎಂದು ಮನೆಯವರು ಆಸ್ಪತ್ರೆಯಲ್ಲಿ ಸಹಜವಾಗಿ ಹೇಳಿದ ಮಾತು ಹುಟ್ಟಿನಿಂದ ಬಂದ ಪ್ರವೃತ್ತಿ ಎಂಬ ತೀರ್ಮಾನಕ್ಕೆ ಆಧಾರವಾಗುತ್ತದೆ. ಸುಳ್ಳು ಹೇಳುವ ಪ್ರಶ್ನೆ ಬೇಡ. ಆದರೆ ಆ ಚಿಕ್ಕಪ್ಪನಿಗೆ ಇದ್ದದ್ದು ಮೂರ್ಛೆಯೋ, ಕುಡಿತವೋ, ಮುದಿತನದ ಮರೆವೋ ಎಂದು ಸ್ಪಷ್ಟವಾಗಿ ಹೇಳಬೇಕು. ವಂಶದಲ್ಲಿ ಒಲವು ಇದ್ದರೂ ಸೇವೆಯ ಒತ್ತಡ ಅದನ್ನು ಉಲ್ಬಣಿಸಬಹುದು ಎಂಬ ವಾದಕ್ಕೂ ಜಾಗವಿದೆ.

ಊರಿಗೆ ಬಂದ ಮೇಲಿನ ವರ್ಷಗಳು

ಸೇವೆಯಲ್ಲಿದ್ದಾಗ ಏನೂ ದಾಖಲಾಗದೆ, ಬಂದ ಮೇಲೆ ಕಾಯಿಲೆ ಹೊರಬಿದ್ದವರಿಗೂ ದಾರಿಯಿದೆ. ಸೇವೆಯ ಪರಿಸ್ಥಿತಿಯಿಂದ ಆಗಲೇ ಶುರುವಾಗಿದ್ದು ತಡವಾಗಿ ಕಾಣಿಸಿಕೊಂಡಿತು ಎಂದು ವೈದ್ಯಕೀಯವಾಗಿ ತೋರಿಸಿದರೆ ಒಪ್ಪಬಹುದು. ಇದಕ್ಕೆ ವರ್ಷಗಳ ಮಿತಿ ಇದೆ, ನಿಮಗೆ ಅನ್ವಯಿಸುವ ನಿಯಮದಲ್ಲಿ ಅದು ಎಷ್ಟೆಂದು ನೋಡಿಕೊಳ್ಳಿ. ಹಾಗಾಗಿ ಸೇವೆ ಬಿಟ್ಟ ಮೊದಲ ಕೆಲವು ವರ್ಷಗಳ ಊರಿನ ಕಾಗದಕ್ಕೆ ಚಿನ್ನದ ಬೆಲೆ.

ಮನೋವೈದ್ಯರ ಬಳಿಗೆ ಯಾರೂ ಮೊದಲೇ ಹೋಗಿರುವುದಿಲ್ಲ. ಹೋಗಿರುವುದು ಗೋಣಿಕೊಪ್ಪಲೋ ನಾಪೋಕ್ಲೋ ಕುಶಾಲನಗರವೋ, ಅಲ್ಲಿನ ಕುಟುಂಬ ವೈದ್ಯರಲ್ಲಿಗೆ; ಹೇಳಿಕೊಂಡಿರುವುದು ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಉರಿ, ತಲೆಭಾರ, ನಿದ್ದೆ ಇಲ್ಲ. ಆ ಚೀಟಿಯಲ್ಲಿ ಆತಂಕದ ಮಾತ್ರೆ ಆಲ್ಪ್ರಜೋಲಾಮ್ ಇದ್ದರೆ, ಮೆಡಿಕಲ್ ಶಾಪಿನ ಬಿಲ್ಲಿನಲ್ಲಿ ಅದು ವರ್ಷಗಟ್ಟಲೆ ಬಂದಿದ್ದರೆ, ಕಾಯಿಲೆಯ ಹೆಸರು ಎಲ್ಲೂ ಇಲ್ಲದಿದ್ದರೂ ಕಾಯಿಲೆಯ ಜಾಡು ಇದೆ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ಕಿನ ಒಪಿಡಿ ಟಿಪ್ಪಣಿ, ರೆಫರಲ್ ಚೀಟಿ, ಔಷಧಿ ವಿತರಣೆಯ ದಾಖಲೆ ಇನ್ನೂ ಒಳ್ಳೆಯದು, ಯಾಕೆಂದರೆ ಅದರಲ್ಲಿ ಸೈನಿಕನ ಗುರುತಿನ ಸಂಖ್ಯೆ ಮತ್ತು ತಾರೀಖು ಎರಡೂ ಇರುತ್ತವೆ. ಮಡಿಕೇರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳ ಮನೋಚೈತನ್ಯ ಕ್ಲಿನಿಕ್, ಮೈಸೂರಿನ ಆಸ್ಪತ್ರೆಗಳು, ಬೆಂಗಳೂರಿನ ನಿಮ್ಹಾನ್ಸ್, ಎಲ್ಲಿಗೆ ಹೋಗಿದ್ದರೂ ಒಪಿಡಿ ಸಂಖ್ಯೆ ಹುಡುಕಿಡಿ. ತನ್ನ ಚಿಕಿತ್ಸೆಯ ದಾಖಲೆ ಪಡೆಯುವ ಹಕ್ಕು 2017ರ ಕಾಯ್ದೆಯ 25ನೇ ಕಲಮಿನಲ್ಲಿದೆ. ವೈದ್ಯರ ನಡತೆಯ ಬಗ್ಗೆ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಮಾಡಿದ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆದರೆ ಒಳರೋಗಿಯ ದಾಖಲೆಯನ್ನು ವೈದ್ಯರು ಇಟ್ಟುಕೊಳ್ಳಬೇಕಾದ್ದು 3 ವರ್ಷ ಮಾತ್ರ ಎಂದೂ ಅದೇ ನಿಯಮ ಹೇಳುತ್ತದೆ. ಹಾಗಾಗಿ ಈ ವಾರವೇ ಕೇಳಿ.

ಮನೋವೈದ್ಯರ ವರದಿ

ಇಷ್ಟೆಲ್ಲ ಕೈಗೆ ಬಂದ ಮೇಲೆ ಮನೋವೈದ್ಯರಲ್ಲಿಗೆ ಹೋಗಬೇಕು. ಕ್ರಮ ತಿರುವುಮುರುವಾದಾಗಲೇ ಒಂದು ಪುಟದ ಪತ್ರ ಹುಟ್ಟುವುದು. ಜೊತೆಗೆ ನೀವೇ ಬರೆದ ಒಂದು ಕಾಲಪಟ್ಟಿ ಕೊಡಿ: ಎಡಗಡೆ ತಾರೀಖು, ನಡುವೆ ಪೋಸ್ಟಿಂಗ್ ಅಥವಾ ಘಟನೆ, ಬಲಗಡೆ ಆಗ ಕಂಡ ಲಕ್ಷಣ ಮತ್ತು ಅದಕ್ಕೆ ಇರುವ ಕಾಗದದ ಲಗತ್ತು ಸಂಖ್ಯೆ.

ಒಳ್ಳೆಯ ವರದಿ ಮೂರು ನಾಲ್ಕು ಪುಟ ಇರುತ್ತದೆ. ಯಾವ ಯಾವ ದಾಖಲೆ ಓದಿದೆ ಎಂದು ತಾರೀಖಿನೊಂದಿಗೆ ಮೊದಲೇ ಹೇಳುತ್ತದೆ. ಕಾಯಿಲೆಯ ಹೆಸರಿಗೆ ಅಂತರರಾಷ್ಟ್ರೀಯ ರೋಗಪಟ್ಟಿಯಾದ ಐಸಿಡಿ-10ರ ಸಂಕೇತ ಇರುತ್ತದೆ, ಉದಾಹರಣೆಗೆ ಪಿಟಿಎಸ್‌ಡಿಗೆ ಎಫ್43.1, ಸ್ಕಿಜೋಫ್ರೇನಿಯಾಕ್ಕೆ ಎಫ್20. ಯಾವ ಘಟನೆ, ಎಲ್ಲಿ, ಎಷ್ಟು ಸಮಯದ ನಂತರ ಯಾವ ಲಕ್ಷಣ ಎಂದು ಬಿಡಿಸುತ್ತದೆ. ಅಳತೆಗೋಲುಗಳ ಅಂಕ ಇರುತ್ತದೆ: ಪಿಸಿಎಲ್-5ರಲ್ಲಿ 20 ಪ್ರಶ್ನೆ, 80 ಅಂಕ, 31ರಿಂದ 33ರ ಮೇಲೆ ಇದ್ದರೆ ಪಿಟಿಎಸ್‌ಡಿ ಸಂಭವ, ಖಿನ್ನತೆಗೆ ಪಿಎಚ್‌ಕ್ಯೂ-9, ಒಟ್ಟು 27. ಅಂಕ ಒಂದೇ ರೋಗ ನಿರ್ಣಯವಲ್ಲ, ಮತ್ತು 80ಕ್ಕೆ 78 ಬಂದ ಹಾಳೆ ಬೋರ್ಡಿನ ಅನುಮಾನವನ್ನೇ ಹೆಚ್ಚಿಸುತ್ತದೆ. ಕೊನೆಗೆ ಬೇರೆ ಕಾರಣಗಳನ್ನು, ಅಂದರೆ ತಲೆಪೆಟ್ಟು, ಥೈರಾಯ್ಡ್, ಮದ್ಯ, ಕುಟುಂಬದ ಇತಿಹಾಸ ಇವನ್ನು ಒಂದೊಂದಾಗಿ ಪರಿಶೀಲಿಸಿ, 54ನೇ ಪ್ಯಾರಾದ ಯಾವ ಸಾಲಿಗೆ ಈ ಪ್ರಕರಣ ಸೇರುತ್ತದೆ ಎಂದು ಅಭಿಪ್ರಾಯ ಕೊಡುತ್ತದೆ. ವೈದ್ಯರ ನೋಂದಣಿ ಸಂಖ್ಯೆ, ತಾರೀಖು, ಮೊಹರು ಮರೆಯಬೇಡಿ.

ಹಾಳಾಗುವ ಬಗೆಗಳೂ ಗೊತ್ತಿರಲಿ. ಹೋದ ತಿಂಗಳು ಮೊದಲ ಸಲ ನೋಡಿದ ವೈದ್ಯರು 20 ವರ್ಷದಿಂದ ಕಾಯಿಲೆ ಎಂದು ಆಧಾರ ಹೇಳದೆ ಬರೆಯುವುದು. ಎಲ್ಲವನ್ನೂ ರೋಗಿ ಹೇಳುವಂತೆ ಎಂದು ಬರೆದು ತಮ್ಮ ಅಭಿಪ್ರಾಯವನ್ನೇ ಕೊಡದಿರುವುದು. ಇರಬಹುದು, ಆಗಿದ್ದೀತು ಎಂಬ ಧಾಟಿ. ಮತ್ತೊಂದು, ಶೇಕಡಾ ಬರೆಸುವ ಹಟ. ನಾಗರಿಕ ವೈದ್ಯರ ಶೇಕಡಾವನ್ನು ಮಿಲಿಟರಿ ಬೋರ್ಡ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿನ ಶೇಕಡಾವೂ ಬೇರೆಯೇ: ಅದನ್ನು ಐಡಿಯಾಸ್ ಎಂಬ ಅಳತೆಯಲ್ಲಿ, ಸ್ವಂತ ಆರೈಕೆ, ಜನರೊಂದಿಗಿನ ಸಂಬಂಧ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕಕ್ಕೆ 0ರಿಂದ 4 ಅಂಕ ಕೊಟ್ಟು, ಕಾಯಿಲೆಯ ಅವಧಿಗೆ ಇನ್ನಷ್ಟು ಸೇರಿಸಿ 20ಕ್ಕೆ ಲೆಕ್ಕ ಹಾಕುತ್ತಾರೆ. 7 ಅಂಕ ಮುಟ್ಟಿದರೆ 40%. ಆ ಕಾರ್ಡು ಸರ್ಕಾರಿ ಸವಲತ್ತಿಗೆ ಬೇಕು, ಸೇವೆಗೂ ಕಾಯಿಲೆಗೂ ಇರುವ ನಂಟಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಶೇಕಡಾ ನಿಲ್ಲುವುದು ದಿನನಿತ್ಯದ ಬದುಕಿನ ವಿವರದ ಮೇಲೆ. ಸ್ವಂತ ಕಾಫಿ ತೋಟ ನೋಡಿಕೊಳ್ಳುತ್ತಾನೆ ಎಂದು ಒಂದು ಸಾಲು ಬರೆದರೆ ಬೋರ್ಡ್ ಅದನ್ನು ಪೂರ್ತಿ ಸಮರ್ಥ ಎಂದು ಓದಿಕೊಳ್ಳುತ್ತದೆ. ನಿಜ ಬರೆಯಿರಿ: ಕುಯಿಲಿನ ಕಾಲದಲ್ಲಿ ಆಳುಗಳೊಂದಿಗೆ ಮಾತಾಡುವವರು ಯಾರು, ವಾರದ ಬಟವಾಡೆ ಯಾರ ಕೈಯಲ್ಲಿ, ಕ್ಯೂರಿಂಗ್ ವರ್ಕ್ಸಿಗೆ ಯಾರು ಹೋಗುತ್ತಾರೆ, ಸೆಕ್ಯುರಿಟಿ ಕೆಲಸಕ್ಕೆ ಸೇರಿ ಎಷ್ಟು ತಿಂಗಳಿಗೆ ಬಿಟ್ಟರು. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳ ಗುಂಡಿನ ಸದ್ದಿಗೆ, ಆನೆ ಓಡಿಸುವ ಪಟಾಕಿಗೆ ಏನಾಗುತ್ತದೆ ಎಂಬುದು ಈ ಜಿಲ್ಲೆಯಲ್ಲಿ ಪಿಟಿಎಸ್‌ಡಿಯ ನೇರ ಲಕ್ಷಣ ವಿವರಣೆ. ವೈದ್ಯರು ಕೇಳದಿದ್ದರೂ ಹೇಳಿ. ಹಾಗೆಯೇ ಮನೆಯಲ್ಲಿ ಕೋವಿ ಇರುವ ವಿಷಯ. ಕೊಡವರಿಗೆ ಮತ್ತು ಜಮ್ಮಾ ಎಂಬ ಹಳೆಯ ಭೂಹಿಡುವಳಿ ಇರುವವರಿಗೆ ಪರವಾನಗಿ ವಿನಾಯಿತಿ ಇರುವುದರಿಂದ ಗೋಡೆಯಲ್ಲಿ ಬಂದೂಕು ಇರುವುದು ಇಲ್ಲಿ ಸಾಮಾನ್ಯ. ಬದುಕು ಬೇಡ ಎಂಬ ಮಾತು ಬಂದ ಮನೆಯಲ್ಲಿ ಅದು ಆ ದಿನವೇ ನೆಂಟರ ಮನೆಗೆ ಹೋಗಬೇಕು, ಪಿಂಚಣಿ ಆಮೇಲೆ. ರಾತ್ರಿ ಹೊತ್ತಿನಲ್ಲೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕುಡಿತದ ಪ್ರಶ್ನೆ ಕೊಡಗಿನಲ್ಲಿ ತಪ್ಪಿಸಿಕೊಳ್ಳುವಂಥದ್ದಲ್ಲ. ಮದ್ಯದ ಅತಿಬಳಕೆಯಿಂದಾದ ವೈಕಲ್ಯಕ್ಕೆ ಪಿಂಚಣಿ ಇಲ್ಲ, ಅದು ಅವನ ಹಿಡಿತದಲ್ಲಿದ್ದದ್ದು ಎಂಬುದು ನಿಯಮ. ನಿದ್ದೆಗಾಗಿ ಕುಡಿಯಲು ಶುರು ಮಾಡಿದವನಿಗೂ ಕಡತದಲ್ಲಿ ಆಲ್ಕೋಹಾಲ್ ಡಿಪೆಂಡೆನ್ಸ್ ಎಂಬ ಒಂದೇ ಹೆಸರು ಬಿದ್ದರೆ ಮುಗಿಯಿತು. ಯಾವುದು ಮೊದಲು ಎಂಬ ಕ್ರಮವೇ ಇಲ್ಲಿ ಸಾಕ್ಷಿ. ನಿದ್ದೆಗೆಟ್ಟ ದಾಖಲೆ ಮೊದಲು, ಮದ್ಯದ ದಾಖಲೆ ನಂತರ ಇದೆಯೇ? ಕುಡಿತ ಬಿಟ್ಟು ತಿಂಗಳುಗಟ್ಟಲೆ ಇದ್ದ ಅವಧಿಯಲ್ಲೂ ಬೆಚ್ಚುವುದು, ಕೆಟ್ಟ ಕನಸು ಮುಂದುವರಿದವೇ? ಇದ್ದರೆ ಮನೋವೈದ್ಯರು ಎರಡನ್ನೂ ಪ್ರತ್ಯೇಕ ರೋಗಗಳಾಗಿ ಬರೆಯಬಲ್ಲರು. ಕುಡಿತವನ್ನು ಬಚ್ಚಿಟ್ಟ ವರದಿ, ಲಿವರ್ ಪರೀಕ್ಷೆಯ ಒಂದು ಹಾಳೆ ಎದುರಾದ ಕೂಡಲೇ ಬಿದ್ದುಹೋಗುತ್ತದೆ. ಕಾಯಿಲೆಯ ಕಾಲದಲ್ಲೇ ರಜೆ ಮೀರಿ ಉಳಿದು, ಕುಡಿದು ಸಿಕ್ಕಿಬಿದ್ದು, ರೆಡ್ ಇಂಕ್ ಎಂಟ್ರಿಗಳ (ಸೇವಾ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದ ಶಿಕ್ಷೆಗಳ) ಮೇಲೆ ಮನೆಗೆ ಕಳಿಸಲ್ಪಟ್ಟವರೂ ಇದ್ದಾರೆ. ಅವರ ಪ್ರಕರಣ ಕಷ್ಟದ್ದು. ಆದರೆ ನಾಲ್ಕು ಎಂಟ್ರಿ ಇದೆ ಎಂಬ ಮಾತ್ರಕ್ಕೆ ಹೊರಹಾಕುವಂತಿಲ್ಲ, ಸಂದರ್ಭ ನೋಡಬೇಕು ಎಂದು 2015ರ ವೀರೇಂದ್ರ ಕುಮಾರ್ ದುಬೆ ತೀರ್ಪು ಹೇಳಿದೆ. ಶಿಕ್ಷೆಗಳ ತಾರೀಖನ್ನೂ ಕಾಲಪಟ್ಟಿಗೆ ಸೇರಿಸಿ.

ತಿರಸ್ಕಾರ ಬಂದರೆ

ತಿರಸ್ಕಾರ ಪತ್ರ ಬಂದ 6 ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಹೋದರೆ ಮತ್ತೆ 6 ತಿಂಗಳೊಳಗೆ ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದ ಪ್ರಕರಣಗಳು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತವೆ. ತಡವಾಗಿದ್ದರೆ ಕಾರಣ ತೋರಿಸಿ ಮನ್ನಾ ಕೇಳಬಹುದು, ಮನೋರೋಗವೇ ಕಾರಣವಾಗಿದ್ದರೆ ಚಿಕಿತ್ಸೆಯ ಕಾಗದ ಅದಕ್ಕೂ ಆಧಾರ. ಪಿಂಚಣಿ ತಿಂಗಳು ತಿಂಗಳು ಬರಬೇಕಾದ್ದಾದ್ದರಿಂದ ಹಕ್ಕು ಸಾಯುವುದಿಲ್ಲ, ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ನಂತರ ಬಾಕಿಯನ್ನು ಅರ್ಜಿಗೆ ಹಿಂದಿನ 3 ವರ್ಷಕ್ಕೆ ಕಟ್ಟಿಹಾಕಿದ ಆದೇಶಗಳೇ ಹೆಚ್ಚು.

ವಕೀಲರು ಧರಮ್‌ವೀರ್ ಸಿಂಗ್ ತೀರ್ಪೊಂದನ್ನೇ ನೆಚ್ಚಿಕೊಂಡರೆ ಎಚ್ಚರಿಸಿ. 2019ರ ನರಸಿಂಗ್ ಯಾದವ್ ಪ್ರಕರಣ ಸ್ಕಿಜೋಫ್ರೇನಿಯಾದ್ದೇ. ಇಂಥ ಕಾಯಿಲೆ ಭರ್ತಿ ಸಮಯದಲ್ಲಿ ಪತ್ತೆಯಾಗದು, ಬೋರ್ಡಿನ ಅಭಿಪ್ರಾಯ ತಳ್ಳಿಹಾಕಲು ಬಲವಾದ ವೈದ್ಯಕೀಯ ಸಾಕ್ಷ್ಯ ಬೇಕು ಎಂದು ಹೇಳಿ ಸುಪ್ರೀಂ ಕೋರ್ಟ್ ಪಿಂಚಣಿ ನಿರಾಕರಿಸಿತು. ಸರ್ಕಾರದ ವಕೀಲರು ಇದನ್ನು ಖಂಡಿತ ತೆಗೆಯುತ್ತಾರೆ. ಎದುರಿಗೆ 2013ರ ವೀರ್ ಪಾಲ್ ಸಿಂಗ್ ಇದೆ: ಮನೋವೈದ್ಯರ ವರದಿ ಹಗುರವಾಗಿತ್ತೆಂದು ಮರುಪರಿಶೀಲನಾ ಬೋರ್ಡಿಗೆ ಆದೇಶವಾಯಿತು. 2025ರ ಮೇ ತಿಂಗಳ ರಾಜುಮೋನ್ ಪ್ರಕರಣದಲ್ಲಿ, ಅದೂ ಸ್ಕಿಜೋಫ್ರೇನಿಯಾವೇ, ಕಾರಣ ಬರೆಯದ ಬೋರ್ಡ್ ಅಭಿಪ್ರಾಯದ ಮೇಲೆ ಪಿಂಚಣಿ ನಿರಾಕರಿಸುವಂತಿಲ್ಲ ಎಂದು ಕೋರ್ಟ್ ಹೇಳಿತು. ಬೋರ್ಡ್ ಕಾರಣ ಬರೆದಿದೆಯೇ ಎಂದು ಮೊದಲು ನೋಡಿ. ಬರೆದಿಲ್ಲವಾದರೆ ರಾಜುಮೋನ್ ಸಾಕು. ಬರೆದಿದ್ದರೆ, ಆ ಕಾರಣವನ್ನು ಮುರಿಯುವ ವೈದ್ಯಕೀಯ ವರದಿ ಬೇಕು.

ಮರುಬೋರ್ಡಿಗೆ ಕರೆ ಬಂದರೆ ಮೂಲ ದಾಖಲೆಗಳು, ಎರಡು ಸೆಟ್ ನಕಲು, ಈಗಿನ ಮಾತ್ರೆಗಳ ಚೀಟಿ ತೆಗೆದುಕೊಂಡು ಹೆಂಡತಿ ಅಥವಾ ಮನೆಯ ಒಬ್ಬರು ಜೊತೆಗೆ ಹೋಗಬೇಕು. ಮನೋವೈದ್ಯರು ರೋಗಿಯ ಮಾತಿನಷ್ಟೇ ಜೊತೆಗಿರುವವರ ಮಾತನ್ನೂ ದಾಖಲಿಸುತ್ತಾರೆ. ಕಾಯಿಲೆ ಎದ್ದು ಕಾಣಲಿ ಎಂದು ಒಂದು ವಾರ ಮಾತ್ರೆ ನಿಲ್ಲಿಸಿ ಕರೆದೊಯ್ಯುವವರಿದ್ದಾರೆ. ಅದು ಅಪಾಯ, ಜೊತೆಗೆ ಕೇಸ್ ಶೀಟಿನಲ್ಲಿ ಸರಿಯಾಗಿ ಔಷಧಿ ತೆಗೆದುಕೊಳ್ಳುವುದಿಲ್ಲ ಎಂಬ ಷರಾ ಬೀಳುತ್ತದೆ. ವೈಯಕ್ತಿಕ ಹೇಳಿಕೆಯ ಭಾಗವನ್ನು ಇನ್ನೊಬ್ಬರು ತುಂಬಿಕೊಟ್ಟರೆ ಸಹಿಗೆ ಮೊದಲು ಓದಿಸಿ ಕೇಳಿ. ಸೇರುವ ಮೊದಲೇ ಈ ಕಾಯಿಲೆ ಇತ್ತೇ ಎಂಬ ಸಾಲಿನ ಮುಂದೆ ಏನು ಬರೆದಿದೆ ಎಂಬುದನ್ನು ಎರಡು ಸಲ ನೋಡಿ.